ಡೋಣಿ ದಂಡೆಯ ಬರ, ಬೇನೆ ಮತ್ತು ನಾವು

ತಾಳಿಕೋಟೆ ಅಂದಕೂಡಲೆ ಶಾಲೆಯ ಮಕ್ಕಳು 1565 ಅಂತಾರೆ. ಜನವರಿ 23 ಅಂತ ತಾರೀಖನ್ನೂ ಹೇಳುವ ಮಕ್ಕಳಿದ್ದಾರೆ. ರಾಮರಾಯನ ತಲೆ ಬಿತ್ತು, ವಿಜಯನಗರ ಹಾಳಾಯಿತು, ಅಲ್ಲಿಗೆ ಪಾಠ ಮುಗಿಯಿತು. ಆ ಯುದ್ಧ ನಡೆದದ್ದು ತಾಳಿಕೋಟೆಯಲ್ಲಲ್ಲ, ದೂರದ ಕೃಷ್ಣೆಯ ದಂಡೆಯ ರಕ್ಕಸಗಿ-ತಂಗಡಗಿ ಸೀಮೆಯಲ್ಲಿ. ಸುಲ್ತಾನರ ದಂಡು ಕೂಡಿದ್ದು ಮಾತ್ರ ಈ ಊರಲ್ಲಿ. ಒಂದು ದಿನದ ಯುದ್ಧಕ್ಕೆ ಊರಿನ ಹೆಸರನ್ನು ಎತ್ತಿಕೊಂಡು ಹೋದ ಇತಿಹಾಸ, ಆಮೇಲಿನ ನಾಲ್ಕುನೂರಾ ಅರವತ್ತು ವರ್ಷ ಈ ಊರ ಮಂದಿ ಏನು ಉಂಡರು, ಯಾವ ನೀರು ಕುಡಿದರು, ಯಾವ ಬೇನೆಯಿಂದ ಸತ್ತರು ಅಂತ ಒಮ್ಮೆಯೂ ಕೇಳಲಿಲ್ಲ. ನಾವು ಕೇಳುತ್ತಿರುವುದು ಅದನ್ನೇ.

ಕೇಳಲು ಕಾರಣವಿದೆ. ಹವಾಮಾನ ಬದಲಾಗುತ್ತಿದೆ, ಭೂಮಿ ಬಿಸಿಯಾಗುತ್ತಿದೆ, ಅದರಿಂದ ಮನುಷ್ಯರ ಆರೋಗ್ಯ ಕೆಡುತ್ತದೆ ಎಂದು ಈಗ ಜಗತ್ತಿನ ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡುತ್ತಿದ್ದಾರೆ. ಮಾತು ನಿಜ. ಆದರೆ ಮನುಷ್ಯರು ಅಂದರೆ ಯಾವ ಮನುಷ್ಯರು? ಆಕಾಶ ಎಲ್ಲರ ಮೇಲೂ ಒಂದೇ ಅಂತಾರ. ಇರಬಹುದು. ಆದರೆ ಅದರ ಕೆಳಗಿನ ಮಾಳಗಿ ಒಂದೇ ಅಲ್ಲ, ಬಾವಿ ಒಂದೇ ಅಲ್ಲ, ಕೂಲಿ ಒಂದೇ ಅಲ್ಲ, ದವಾಖಾನೆಯ ಬಾಗಿಲೂ ಒಂದೇ ಅಲ್ಲ. ಬರ ಬೀಳಿಸುವುದು ಆಕಾಶ, ಆ ಬರದಲ್ಲಿ ಯಾರು ಸಾಯಬೇಕು ಅಂತ ನಿರ್ಧರಿಸುವುದು ಊರು. ಇದು ನಮ್ಮ ಸೀಮೆಯ ನೂರೈವತ್ತು ವರ್ಷದ ಲೆಕ್ಕ ತೆಗೆದರೆ ಕಾಣುವ ಸತ್ಯ.

ಮೊದಲು ನೆಲ ನೋಡೋಣ. ಮಹಾರಾಷ್ಟ್ರದ ಜತ್ತ ಸೀಮೆಯಿಂದ ಬರುವ ಡೋಣಿ ನಮ್ಮ ಜಿಲ್ಲೆಯ ನಡುವೆ ಹಾದು, ತಾಳಿಕೋಟೆಯ ಮಗ್ಗುಲಿಗೆ ಹರಿದು ಕೃಷ್ಣೆಯನ್ನು ಕೂಡುತ್ತದೆ. ನೀರು ಸವುಳು. ಆದರೂ ಡೋಣಿ ಹರಿದರ ಓಣೆಲ್ಲ ಜೋಳ ಅಂತ ಗಾದೆ. ಆ ದಂಡೆಯ ಎರಿ ನೆಲ ಅಂಥದ್ದು, ಒಮ್ಮೆ ನೀರು ಕುಡಿದರೆ ಹಿಂಗಾರಿ ಬಿಳಿಜೋಳ ತಾನೇ ಎದ್ದು ನಿಲ್ಲುತ್ತದೆ. ಬಡಗಣಕ್ಕೆ ಇಂಡಿ, ಸಿಂದಗಿಯ ಅಂಚಿನಲ್ಲಿ ಭೀಮೆ. ತೆಂಕಣಕ್ಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಅಂಚಿನಲ್ಲಿ ಕೃಷ್ಣೆ. ಎರಡು ದೊಡ್ಡ ಹೊಳೆಗಳ ನಡುವೆ ಬಾಯಾರಿ ಕೂತ ನೆಲ ಇದು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನೊಳಗೇ ಮಳೆ. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓಣೆಲ್ಲ ಜೋಳ ಅನ್ನುವ ಗಾದೆಯಲ್ಲಿ ನಮ್ಮ ಕೇರಿಯ ಓಣಿ ಸೇರಿತ್ತೋ ಇಲ್ಲವೋ ಅನ್ನುವುದನ್ನು ಮುಂದಿನ ಲೆಕ್ಕ ಹೇಳುತ್ತದೆ.

1791-92ರ ಬರಕ್ಕೆ ಈ ಕಡೆ ಡೋಗಿ ಬರ ಅಂತ ಹೆಸರು. ಡೋಗಿ ಅಂದರೆ ತಲೆಬುರುಡೆ. ಹೂಳುವವರಿಲ್ಲದೆ ಬುರುಡೆಗಳು ನೆಲದ ಮೇಲೆ ಬಿದ್ದಿದ್ದವು ಅಂತ ಆ ಹೆಸರು ಬಂತು. ಆಮೇಲೆ 1876ರಲ್ಲಿ ಮಳೆ ಕೈಕೊಟ್ಟಿತು. ಆಗ ಈಗಿನ ವಿಜಯಪುರ, ಬಾಗಲಕೋಟೆ ಎರಡೂ ಸೇರಿ ಕಲಾದಗಿ ಜಿಲ್ಲೆ, ಬೊಂಬಾಯಿ ಪ್ರಾಂತಕ್ಕೆ ಸೇರಿದ್ದು. 1872ರ ಜನಗಣತಿಯಲ್ಲಿ ಆ ಜಿಲ್ಲೆಯಲ್ಲಿ ಸುಮಾರು 8 ಲಕ್ಷ 16 ಸಾವಿರ ಮಂದಿ ಇದ್ದರು. 1881ರಲ್ಲಿ ಉಳಿದವರು 6 ಲಕ್ಷ 38 ಸಾವಿರ. ಒಂಬತ್ತು ವರ್ಷದಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಲ್ಲವಾದರು. ಕೆಲವರು ದೇಶಾಂತರ ಹೋದರು, ಉಳಿದವರು ಮಣ್ಣಾದರು. ರಾಮರಾಯನ ಒಂದು ತಲೆಗೆ ಒಂದು ಪಾಠ ಇದೆ. ಈ 1 ಲಕ್ಷ 78 ಸಾವಿರ ತಲೆಗಳಿಗೆ ಪಠ್ಯಪುಸ್ತಕದಲ್ಲಿ ಒಂದು ಸಾಲಿಲ್ಲ.

ಮಳೆ ಯಾಕೆ ಬರಲಿಲ್ಲ ಅನ್ನುವುದು ಇವತ್ತು ಗೊತ್ತಿದೆ. ಶಾಂತ ಮಹಾಸಾಗರದ ನೀರು ಕೆಲವು ವರ್ಷಕ್ಕೊಮ್ಮೆ ಬೆಚ್ಚಗಾಗುತ್ತದೆ. ಅದಕ್ಕೆ ಎಲ್ ನಿನೋ ಅಂತಾರೆ. ಅಲ್ಲಿ ನೀರು ಕಾದರೆ ಇಲ್ಲಿ ಮುಂಗಾರು ಸೊರಗುತ್ತದೆ. 1876ರಿಂದ 78ರ ವರೆಗೆ ಬಂದದ್ದು ಬಹಳ ಬಲವಾದ ಎಲ್ ನಿನೋ. ಅದೇ ಹೊತ್ತಿಗೆ ಚೀನಾದಲ್ಲೂ ಬ್ರೆಜಿಲ್‌ನಲ್ಲೂ ಮಂದಿ ಬರದಿಂದ ಸತ್ತರು. ಅಂದರೆ ಡೋಣಿ ದಂಡೆಯ ಹೊಲೆಯನೂ ಬ್ರೆಜಿಲ್‌ನ ಕೂಲಿಯೂ ಒಂದೇ ಸಮುದ್ರದ ಕಾವಿಗೆ ಬಲಿಯಾದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ತಪ್ಪೆಲ್ಲ ಸಮುದ್ರದ್ದಾಗುತ್ತದೆ. ಆಳುವವರಿಗೆ ಬೇಕಾದದ್ದೂ ಅದೇ. 1877ರ ಜನವರಿ 1ರಂದು ದೆಹಲಿಯಲ್ಲಿ ಲಾರ್ಡ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳು, ಒಂದು ಆಣೆ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ದಿನವೆಲ್ಲ ಬಿಸಿಲಲ್ಲಿ ಖಡಿ ಒಡೆದು ಮಣ್ಣು ಹೊರುವ ದೇಹಕ್ಕೆ ಇದು ಸಾಲದು ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಎಂಬ ಇಂಗ್ಲಿಷಿನವನೇ ಜಗಳ ತೆಗೆದ. ಬೊಂಬಾಯಿ ಪ್ರಾಂತದಲ್ಲಿ ಸಾವಿರಾರು ಮಂದಿ ಈ ಕೂಲಿ ಒಲ್ಲೆವೆಂದು ಕಾಮಗಾರಿ ಬಿಟ್ಟು ಎದ್ದು ಹೋದರು. ಉಪವಾಸದ ಮಂದಿ ಹೂಡಿದ ಮುಷ್ಕರ ಅದು. ಇದೂ ನಮ್ಮ ಇತಿಹಾಸವೇ. ಆ ಬರದ ವರ್ಷಗಳಲ್ಲೇ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಊರೊಳಗೆ ನೋಡಿದರೆ ಲೆಕ್ಕ ಇನ್ನೂ ಸ್ಪಷ್ಟ. ನಮ್ಮ ಕಡೆ ಜೋಳವನ್ನು ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದರು. ಹಗೇವು ಇದ್ದವನು ಎರಡು ವರ್ಷದ ಬರ ತಡೆದಾನು. ಹಗೇವು ಇದ್ದದ್ದು ಯಾರ ಮನೆಯಲ್ಲಿ? ಗೌಡರ ಮನೆಯಲ್ಲಿ, ಕುಲಕರ್ಣಿಯ ಮನೆಯಲ್ಲಿ, ಸಾವಕಾರನ ಅಂಗಡಿಯ ಹಿಂದೆ. ಹೊಲೆಯರು, ಮಾದಿಗರು, ಇನ್ನುಳಿದ ಚಾಕರಿಯವರು ಬದುಕಿದ್ದು ಸುಗ್ಗಿಯ ಕಣದಲ್ಲಿ ಸಿಗುವ ಆಯದ ಮೇಲೆ. ಸುಗ್ಗಿಯೇ ಇಲ್ಲದ ವರ್ಷ ಆಯ ಎಲ್ಲಿಯದು? ಚಾಕರಿ ಮಾತ್ರ ತಪ್ಪಲಿಲ್ಲ.

ಇನ್ನೊಂದು ಮಾತನ್ನು ಹಳ್ಳಿಯ ಮಾಸ್ತರರು ಮಕ್ಕಳಿಗೆ ಬಿಡಿಸಿ ಹೇಳಬೇಕು. ಬರದಲ್ಲಿ ಮಂದಿ ಬರೀ ಹಸಿವಿನಿಂದ ಸಾಯುವುದಿಲ್ಲ. ಬಾವಿ ಬತ್ತುತ್ತದೆ, ಉಳಿದ ಒಂದೇ ಹೊಂಡಕ್ಕೆ ಮಂದಿ, ದನ ಎಲ್ಲ ಮುಗಿಬೀಳುತ್ತವೆ, ಪಟಕಿ ಬೇನೆ ಹಬ್ಬುತ್ತದೆ. ಕಾಮಗಾರಿಯ ಕ್ಯಾಂಪಿನಲ್ಲಿ ಸಾವಿರ ಮಂದಿ ಒಂದೇ ಕಡೆ ಕೂತರೆ ಅದು ಇನ್ನೂ ಬೇಗ ಓಡಾಡುತ್ತದೆ. ಆಮೇಲೆ ಮಳೆ ಬಂತು ಅಂತ ಎಲ್ಲರೂ ಕೈ ಮುಗಿಯುವ ಹೊತ್ತಿಗೆ ಸೊಳ್ಳೆ ಏಳುತ್ತದೆ, ಚಳಿಜ್ವರ ಬರುತ್ತದೆ. ಒಂದು ವರ್ಷ ಉಪವಾಸವಿದ್ದ ಮೈ ಅದನ್ನು ತಡೆಯುವುದಿಲ್ಲ. ಆ ಕಾಲದ ಬರಗಳಲ್ಲಿ ಸಾವು ಎಷ್ಟೋ ಕಡೆ ಏರಿದ್ದು ಮಳೆ ಬಂದ ಮೇಲೆ. ಸರ್ಕಾರದ ದಫ್ತರದಲ್ಲಿ ಅವರು ಜ್ವರದಿಂದ ಸತ್ತವರು. ಹಸಿವಿನ ಕಾಲಂ ಖಾಲಿ ಉಳಿಯಿತು.

1918ರಲ್ಲಿ ಮತ್ತೆ ಮುಂಗಾರು ತಪ್ಪಿತು. ಅದೇ ವರ್ಷ ಇನ್‌ಫ್ಲುಯೆಂಜಾ ಬಂತು. ಬೊಂಬಾಯಿಗೆ ಹಡಗಿನಲ್ಲಿ ಬಂದು, ರೈಲು ಹತ್ತಿ ಒಳನಾಡಿಗೆ ಇಳಿಯಿತು. ಜ್ವರಕ್ಕೆ ಜಾತಿ ಇಲ್ಲ ಅನ್ನುವವರು ಆ ವರ್ಷದ ಬೊಂಬಾಯಿ ಪಟ್ಟಣದ ಲೆಕ್ಕ ನೋಡಬೇಕು. ಅಲ್ಲಿ ಸಾವನ್ನು ಜಾತಿ ಮತ್ತು ಮತದ ಪ್ರಕಾರ ಬರೆದಿಟ್ಟರು. ಸಾವಿರ ಯುರೋಪಿಯನ್ನರಲ್ಲಿ ಸತ್ತವರು 8.3. ಸಾವಿರ ಮೇಲುಜಾತಿ ಹಿಂದೂಗಳಲ್ಲಿ 18.9. ಕೆಳಜಾತಿಯವರು ಅಂತ ಬರೆದ ಸಾಲಿನಲ್ಲಿ 61.6. ರೋಗಾಣು ಒಂದೇ, ಪಟ್ಟಣ ಒಂದೇ, ತಿಂಗಳು ಒಂದೇ. ಬೇರೆಯಾದದ್ದು ಮಲಗುವ ಖೋಲಿ, ಉಣ್ಣುವ ಅನ್ನ, ಶುಶ್ರೂಷೆ ಮಾಡುವ ಕೈ. ಯುರೋಪಿಯನ್ನನಿಗಿಂತ ಏಳು ಪಟ್ಟಿಗೂ ಹೆಚ್ಚು, ಅದೇ ಬೀದಿಯ ಮೇಲುಜಾತಿಯವನಿಗಿಂತ ಮೂರು ಪಟ್ಟಿಗೂ ಹೆಚ್ಚು ನಾವು ಸತ್ತೆವು. ಕರ್ಮ, ಹಣೆಬರಹ ಅಂತ ಇದನ್ನು ಯಾರಾದರೂ ವಿವರಿಸಿದರೆ ಅವರ ಮುಂದೆ ಈ ಮೂರು ಅಂಕಿಗಳನ್ನು ಇಡಿ.

ಐದು ವರ್ಷದ ಮೇಲೆ, 1923ರ ಆಗಸ್ಟಿನಲ್ಲಿ, ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ಒಂದು ಠರಾವು ತಂದರು. ಸರ್ಕಾರಿ ಹಣದಲ್ಲಿ ಕಟ್ಟಿದ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ಕಚೇರಿ, ದವಾಖಾನೆ ಎಲ್ಲ ಅಸ್ಪೃಶ್ಯರಿಗೂ ತೆರೆಯಬೇಕು ಎಂಬ ಠರಾವು. ಬಾವಿಯ ಜೊತೆಗೆ ದವಾಖಾನೆಯ ಹೆಸರೂ ಇದೆ, ಗಮನಿಸಿ. ಠರಾವು ನಮ್ಮ ಜಿಲ್ಲೆಗೂ ಅನ್ವಯಿಸುತ್ತಿತ್ತು. ಆದರೆ ಕಾಗದ ಬಾವಿಗೆ ಇಳಿಯಲಿಲ್ಲ. ಅದನ್ನು ಇಳಿಸಲಿಕ್ಕೆಂದೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಮಂದಿಯೊಂದಿಗೆ ಮಹಾಡಿನ ಚವದಾರ ಕೆರೆಗೆ ನಡೆದು ಬೊಗಸೆ ನೀರು ಕುಡಿದರು. ಆ ಬೊಗಸೆಯನ್ನು ನಾವು ಮಾನದ ಪ್ರಶ್ನೆ ಅಂತ ಓದುತ್ತೇವೆ. ಮಾನದ ಪ್ರಶ್ನೆ ಹೌದು. ಜೊತೆಗೆ ಅದು ಪ್ರಾಣದ ಪ್ರಶ್ನೆಯೂ ಹೌದು. ಬೇಸಿಗೆಯಲ್ಲಿ ಊರ ಬಾವಿಗೆ ಹೋಗಲಾರದವರು ಹಳ್ಳದ ವರತಿ ತೋಡಬೇಕು, ದನ ಇಳಿದ ಹೊಂಡದ ನೀರು ಸೋಸಬೇಕು. ಕೊಡ ಮುಟ್ಟಬೇಡ ಅಂದವನು ಆ ಮನೆಯ ಕೂಸಿಗೆ ವಾಂತಿಭೇದಿಯನ್ನೂ ಕೊಟ್ಟು ಕಳಿಸಿದ.

ನೀರು ಬದಲಾದರೆ ಬೇನೆ ಬದಲಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ ಹೇಳುತ್ತದೆ. ನಾರುಹುಣ್ಣು ಅಂತ ಒಂದು ಬೇನೆ ಇತ್ತು. ಐವತ್ತು ದಾಟಿದವರಿಗೆ ಹೆಸರು ಹೇಳಿದರೆ ಸಾಕು, ಕಾಲು ಮುಟ್ಟಿ ನೋಡಿಕೊಳ್ಳುತ್ತಾರೆ. ಮೆಟ್ಟಿಲು ಬಾವಿಯಲ್ಲಿ ಇಳಿದು ನೀರು ತುಂಬುವಾಗ ಹುಣ್ಣಿದ್ದವನ ಕಾಲಿನಿಂದ ಹುಳ ಮರಿ ಬಿಡುತ್ತದೆ. ನೀರಿನ ಸಣ್ಣ ಹುಳು ಸೈಕ್ಲೋಪ್ಸ್ ಆ ಮರಿಯನ್ನು ನುಂಗುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದು, ಮೀಟರು ಉದ್ದದ ದಾರದಂಥ ಹುಳ ಕಾಲಿನಿಂದ ಹೊರಗೆ ಬರುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ವಾರಗಟ್ಟಲೆ ಎದ್ದು ನಿಲ್ಲಲಾಗುವುದಿಲ್ಲ. ಹೊಲವಿದ್ದವನು ಆಳು ಹಚ್ಚುತ್ತಾನೆ. ಆಳಿಗೇ ಬಂದರೆ ಆ ಮನೆಯ ಒಲೆ ಆರುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಷ್ಟೂ ಬೇನೆ ಹೆಚ್ಚು. ಬರಕ್ಕೂ ನಾರುಹುಣ್ಣಿಗೂ ಅಂಥ ನಂಟು.

ಇಲ್ಲೊಂದು ವಿಚಿತ್ರ ನೋಡಿ. ನಮ್ಮ ಕೈ ತಾಗಿದರೆ ನೀರು ಮೈಲಿಗೆ ಅಂದವರೇ ಆ ಬಾವಿಯಲ್ಲಿ ಮೊಣಕಾಲು ಮಟ ಇಳಿದು ಕೊಡ ತುಂಬುತ್ತಿದ್ದರು. ನೀರನ್ನು ಕೆಡಿಸಿದ್ದು ಜಾತಿಯಲ್ಲ, ಮೆಟ್ಟಿಲು. ಶಾಸ್ತ್ರ ಹೇಳಿದ ಮೈಲಿಗೆ ಸುಳ್ಳಾಯಿತು, ಶಾಸ್ತ್ರಕ್ಕೆ ಗೊತ್ತೇ ಇಲ್ಲದ ಮೈಲಿಗೆ ಎಲ್ಲರ ಕಾಲಲ್ಲೂ ಹುಳವಾಗಿ ಬಂತು.

ಈ ಬೇನೆಗೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. 1983-84ರಲ್ಲಿ ದೇಶದಲ್ಲಿ ನಾರುಹುಣ್ಣು ನಿರ್ಮೂಲನದ ಕೆಲಸ ಶುರುವಾಯಿತು. ಆಗ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳು. ಕರ್ನಾಟಕ ಸೇರಿ ಏಳು ರಾಜ್ಯಗಳಲ್ಲಿ ಬೇನೆ ಇತ್ತು. ಮಾಡಿದ್ದೇನು? ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. ಬೋರು ಹೊಡೆದು ಕೈಪಂಪು ಕೂರಿಸಿದರು. ನೀರಿಗೆ ಬಟ್ಟೆ ಕಟ್ಟಿ ಸೋಸಲು ಕಲಿಸಿದರು. ಮನೆಮನೆಗೆ ತಿರುಗಿ ರೋಗಿಗಳನ್ನು ಎಣಿಸಿದರು. 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ನಾರುಹುಣ್ಣು ಇಲ್ಲ ಎಂದು ಬರೆದು ಕೊಟ್ಟಿತು. ಸಾವಿರಾರು ವರ್ಷದ ಬೇನೆ ಹದಿನೈದು ವರ್ಷದೊಳಗೆ ಹೋಯಿತು. ಗುಳಿಗೆಯಿಂದಲ್ಲ, ಬಾವಿಯ ಕಟ್ಟೆಯಿಂದ. ಆಳುವವರಿಗೆ ಮನಸ್ಸಾದರೆ ಏನು ಆಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಬೇರೆ ಬೇನೆಗಳು ಯಾಕೆ ಉಳಿದವು ಅನ್ನುವುದಕ್ಕೂ ಇದೇ ಸಾಕ್ಷಿ.

ಆ ಕೈಪಂಪಿನ ಕತೆಯೂ ಅಲ್ಲಿಗೇ ನಿಲ್ಲಲಿಲ್ಲ. ಮಳೆ ಕಡಿಮೆಯಾದಷ್ಟೂ, ಧಣಿಗಳ ಹೊಲದ ಪಂಪು ಹೆಚ್ಚಾದಷ್ಟೂ ಬೋರು ಆಳಕ್ಕೆ ಇಳಿಯಿತು. ಗಟ್ಟಿ ಕಲ್ಲಿನ ಸಂದಿಯ ನೀರಿನಲ್ಲಿ ಫ್ಲೋರೈಡು ಇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅಂತ ನಿಯಮ. ದಾಟಿದ ನೀರು ನಮ್ಮ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಸಿಕ್ಕಿದೆ. ಮೊದಲು ಮಕ್ಕಳ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು ಬಿಗಿಯುತ್ತದೆ, ಬಗ್ಗಿದ ಬೆನ್ನು ಏಳುವುದಿಲ್ಲ. ರೊಕ್ಕ ಇದ್ದವರು ಕ್ಯಾನಿನ ನೀರು ತರಿಸುತ್ತಾರೆ. ಕೂಲಿಯವರು ಬೋರಿನದನ್ನೇ ಕುಡಿಯುತ್ತಾರೆ. ಊರ ಬಾವಿ, ಕೇರಿ ಬಾವಿ ಅಂತ ಇದ್ದದ್ದು ಈಗ ಕ್ಯಾನು ಮತ್ತು ಬೋರು ಅಂತ ಆಗಿದೆ.

ಈಗ ಹವಾಮಾನದ ಬದಲಾವಣೆಗೆ ಬರೋಣ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಭೂಮಿಯ ಸುತ್ತ ಕಂಬಳಿಯಂತೆ ಕೂತು ಕಾವನ್ನು ಹೊರಗೆ ಬಿಡುತ್ತಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ನೂರಕ್ಕೆ 7 ಪಾಲು ಹೆಚ್ಚುತ್ತದೆ. ಆದ್ದರಿಂದ ಮಳೆ ಬಾರದ ದಿನಗಳು ಉದ್ದವಾಗಬಹುದು, ಬಂದಾಗ ಒಮ್ಮೆಗೇ ಸುರಿಯುತ್ತದೆ. 1901ರಿಂದ ಇಟ್ಟ ಲೆಕ್ಕದಲ್ಲಿ ಅಲ್ಲಿಯ ವರೆಗೆ ದೇಶ ಅತಿ ಹೆಚ್ಚು ಕಾದ ವರ್ಷ 2024. ಈ ಹೊಗೆ ಬಿಟ್ಟವರು ಯಾರು? ಸರಾಸರಿ ತೆಗೆದರೆ ಒಬ್ಬ ಅಮೆರಿಕದವನ ಹೊಗೆ ಒಬ್ಬ ಭಾರತೀಯನದರ ಸುಮಾರು ಏಳು ಪಟ್ಟು. ಈ ದೇಶದೊಳಗೂ ಕಾರು, ಎ.ಸಿ. ಇದ್ದವರ ಹೊಗೆ ಬೇರೆ, ಕಟ್ಟಿಗೆ ಒಲೆಯ ಹೊಗೆ ಬೇರೆ. ಸಾಲ ಮಾಡಿದವರು ಒಬ್ಬರು, ತೀರಿಸುವವರು ಇನ್ನೊಬ್ಬರು. ಜೀತದ ಲೆಕ್ಕ ಗೊತ್ತಿದ್ದ ನಮಗೆ ಈ ಲೆಕ್ಕ ಹೊಸದಲ್ಲ.

2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಮಳೆ ಮುರಿದು ಬಿತ್ತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಎಷ್ಟೋ ಮಂದಿಯನ್ನು ಕೊಂದದ್ದು ಹೊಳೆಯಲ್ಲ, ಮನೆಯ ಗೋಡೆ. ಎರಿ ಮಣ್ಣಿನ ಗೋಡೆ, ಮಣ್ಣಿನ ಮಾಳಗಿ ದಿನಗಟ್ಟಲೆ ನೆನೆದು ಮಲಗಿದವರ ಮೇಲೆ ಕುಸಿಯಿತು. ಬರಕ್ಕೆ ತಕ್ಕಂತೆ ಕಟ್ಟಿದ ಮನೆ ಅದು, ಇಂಥ ಮಳೆಗಲ್ಲ. ಕಲ್ಲಿನ ವಾಡೆಗಳು ನಿಂತವು, ಕೇರಿಯ ಮನೆಗಳು ಬಿದ್ದವು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಳು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜ್ಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಭೀಮೆ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ನುಗ್ಗಿದಳು. ಡೋಣಿಯೂ ಹೂಳು ತುಂಬಿ, ಜೋರು ಮಳೆ ಬಂದಾಗಲೆಲ್ಲ ದಂಡೆ ದಾಟುತ್ತದೆ. ತಾಳಿಕೋಟೆಯಿಂದ ಹಡಗಿನಾಳಕ್ಕೆ ಹೋಗುವ ಕೆಳಮಟ್ಟದ ಸೇತುವೆ ಎಷ್ಟೋ ಸಲ ಮುಳುಗಿ ದಾರಿ ಕಡಿದಿದೆ. ದಾರಿ ಕಡಿದ ಆ ದಿನ ಹೆರಿಗೆ ನೋವು ಬಂದವಳಿಗೆ, ಹಾವು ಕಚ್ಚಿದವನಿಗೆ ಸೇತುವೆಯೇ ದವಾಖಾನೆಯ ಬಾಗಿಲು. ನೀರು ಇಳಿದ ಮೇಲೆ ವಾಂತಿಭೇದಿ, ಡೆಂಗೆ, ಇಲಿಜ್ವರ ಬರುತ್ತವೆ. ಕೊಳೆತ ರಾಡಿಯನ್ನು ಬರಿಗೈಲಿ ಎತ್ತುವವರು ಯಾವ ಕೇರಿಯಿಂದ ಬರುತ್ತಾರೆ ಎಂದು ಹೇಳಬೇಕೇ? 2023ರಲ್ಲಿ ಮತ್ತೆ ಎಲ್ ನಿನೋ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವರೆಗೆ ಅಂತ ಸರ್ಕಾರ ಹುಕುಂ ಹೊರಡಿಸುತ್ತ ಬಂದಿದೆ. ಒಳ್ಳೆಯದೇ. ಫ್ಯಾನಿನ ಕೆಳಗಿನ ಮೈಗೂ ಬಿಸಿಲು ತಟ್ಟುತ್ತದೆ ಅಂತ ಸರ್ಕಾರ ಒಪ್ಪಿಕೊಂಡಂತಾಯಿತು. ಹಾಗಾದರೆ ಇಟ್ಟಂಗಿ ಭಟ್ಟಿಯವನ ಮೈ? ಖಡಿ ಒಡೆಯುವವಳ ಮೈ? ಕಬ್ಬು ಕಡಿಯುವವರ ಮೈ? ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಸಾವಿರಾರು ಕೂಲಿಗಳ ಮೂತ್ರಪಿಂಡ ಹಾಳಾಗಿ ಸತ್ತಿದ್ದಾರೆ. ಬಿಸಿಲಲ್ಲಿ ನೀರಿಲ್ಲದೆ ದುಡಿದ ದಣಿವು ಅದಕ್ಕೆ ದೊಡ್ಡ ಕಾರಣ ಅಂತ ವೈದ್ಯರು ಹೇಳುತ್ತಾರೆ. ನಮ್ಮ ಹೆಣ್ಣಾಳುಗಳಂತೂ ಮರೆ ಸಿಗುವುದಿಲ್ಲ ಅಂತ ಹೊಲದಲ್ಲಿ ನೀರನ್ನೇ ಕುಡಿಯುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಲೇಬೇಕು ಅಂತ ಬರೆದಿದ್ದರು. ಬೇಸಿಗೆಯಲ್ಲಿ ಕೆಲಸದ ಅಳತೆಗೆ ರಿಯಾಯಿತಿಯನ್ನೂ ಕೊಟ್ಟರು. ಟೆಂಪಲ್‌ನ ಒಂದು ಪೌಂಡಿನಿಂದ ಇಲ್ಲಿಗೆ ಬರಲು ನೂರಾ ಮೂವತ್ತು ವರ್ಷ ಬೇಕಾಯಿತು. ಕಾಯ್ದೆ ಬದಲಾಗಬಹುದು, ಯೋಜನೆಯ ಹೆಸರೂ ಬದಲಾಗಬಹುದು. ಗಳಿಸಿದ ಆ ನೆರಳನ್ನು ನಾವು ಬಿಟ್ಟುಕೊಡಬಾರದು. ಖಾಸಗಿ ಹೊಲ, ಭಟ್ಟಿ, ಕಟ್ಟಡಗಳಿಗೂ ಅದನ್ನು ಎಳೆದು ತರಬೇಕು.

ಮಳೆ ಹೋದ ವರ್ಷ ಗೋವಾಕ್ಕೆ, ಮುಂಬಯಿಗೆ, ಬೆಂಗಳೂರಿಗೆ ಗುಳೆ ಹೋಗುವವರೂ ನಾವೇ, ತಾಂಡಾದ ಬಂಜಾರರೂ ನಮ್ಮ ಜೊತೆಗೆ. ಬಸುರಿಯ ತಾಯಿ ಕಾರ್ಡು ಊರಲ್ಲಿ, ಬಸುರಿ ಕಟ್ಟಡದ ಕೆಳಗಿನ ತಗಡಿನ ಶೆಡ್ಡಿನಲ್ಲಿ. ಕೂಸಿನ ಸೂಜಿಯ ತಾರೀಖು ದಾಟಿ ಹೋಗುತ್ತದೆ. ಕ್ಷಯದ ಗುಳಿಗೆ ನಡುವೆಯೇ ನಿಲ್ಲುತ್ತದೆ. ಇವು ಯಾವ ಬರದ ವರದಿಯಲ್ಲೂ ಬರದ ಬೇನೆಗಳು.

ಗೆಳೆಯರೆ, ಹವಾಮಾನದ ಹೋರಾಟ ಅಂದರೆ ಬರೀ ಸಸಿ ನೆಡುವುದು ಅಂತ ನಮಗೆ ಕಲಿಸುತ್ತಿದ್ದಾರೆ. ಸಸಿ ನೆಡೋಣ. ಆದರೆ ಕೇರಿಗೆ ಫ್ಲೋರೈಡು ಇಲ್ಲದ ನೀರು, ನೆನೆದರೂ ಬೀಳದ ಮನೆ, ತಗ್ಗಿನಿಂದ ದಿಬ್ಬಕ್ಕೆ ನಿವೇಶನ, ಮುಳುಗದ ಸೇತುವೆ, ಬಿಸಿಲಲ್ಲಿ ದುಡಿಯುವವರಿಗೆ ಕಾನೂನಿನ ನೆರಳು, ರಾತ್ರಿಯೂ ಡಾಕ್ಟರು ಇರುವ ದವಾಖಾನೆ, ಗುಳೆ ಹೋದ ಕಡೆಯಲ್ಲೂ ನಡೆಯುವ ಕಾರ್ಡು, ಇವನ್ನು ಕೇಳುವುದೇ ನಮ್ಮ ಸೀಮೆಯಲ್ಲಿ ಹವಾಮಾನದ ಹೋರಾಟ. ಆಕಾಶ ಇನ್ನು ಮೇಲೆ ಹೆಚ್ಚು ಸಲ ಮುನಿಯುತ್ತದೆ. ಊರು ಹಳೆಯ ಹಾಗೇ ಇದ್ದರೆ ಪ್ರತಿ ಸಲವೂ 61.6ರ ಸಾಲಿನಲ್ಲಿ ನಿಲ್ಲುವವರು ನಾವೇ.

ಕೇಳಲಿಕ್ಕೆ ನಮ್ಮ ಕೈಯಲ್ಲಿ ಲೆಕ್ಕ ಬೇಕು. 1918ರಲ್ಲಿ ಜಾತಿವಾರು ಬರೆದಿಟ್ಟದ್ದರಿಂದಲೇ ಇವತ್ತು ಆ ಸತ್ಯ ನಮಗೆ ಸಿಕ್ಕಿತು. ಹಳ್ಳಿಯ ಮಾಸ್ತರರು, ಕಾಲೇಜಿನ ಹುಡುಗ ಹುಡುಗಿಯರು ಈ ಬೇಸಿಗೆಯಿಂದಲೇ ಒಂದು ವಹಿ ಇಡಲಿ. ಯಾವ ಓಣಿಯ ಬೋರು ಮೊದಲು ಬತ್ತಿತು, ಟ್ಯಾಂಕರು ಮೊದಲು ಎಲ್ಲಿ ನಿಂತಿತು, ಮಳೆಗೆ ಯಾರ ಗೋಡೆ ಬಿತ್ತು, ಪರಿಹಾರ ಯಾರಿಗೆ ಬಂತು, ಯಾರ ಮನೆಯ ಕೂಸಿಗೆ ಭೇದಿಯಾಯಿತು, ದವಾಖಾನೆ ಎಷ್ಟು ಹೊತ್ತಿಗೆ ಮುಟ್ಟಿದರು. ಜಾತಿ ಸಹಿತ, ತಾರೀಖು ಸಹಿತ ಬರೆಯಿರಿ. ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ತಹಸೀಲ್ದಾರರ ಮೇಜಿನ ಮೇಲೆ ಒಂದು ಪ್ರತಿ ಇಟ್ಟು ಬನ್ನಿ.